ಎಂಟು ನೂಲು

ಲಿಂಗರಾಜಪುರದಲ್ಲಿ ನಮ್ಮ ಹಿತ್ತಲು ಅಂದರೆ
ಒಗೆಯುವ ಕಲ್ಲು, ಸಂಪಿನ ಮುಚ್ಚಳ, ನಡುವೆ ಹನ್ನೆರಡು ಅಡಿ ಬಿಸಿಲು.
ಸೀಮೆಬದನೆ ಬಳ್ಳಿ ಬಟ್ಟೆಯ ತಂತಿ ಹಿಡಿದು
ನನ್ನ ಲಂಗಗಳ ಮೇಲೇ ಹೂ ಬಿಡತೊಡಗಿತ್ತು.
ಚಪ್ಪರ ಬೇಕು ಅಂದೆ. ಶಾಂತರಾಜು ಅಂದರು:
ಆಚೆ ಗೋಡೆ, ಈಚೆ ಗೋಡೆ, ಮೇಲೆ ನಾಲ್ಕು ಮರ ಎಸೆದರೆ ಆಯಿತು.

ಇಪ್ಪತ್ತಾರು ವರ್ಷ ಬ್ಲೌಸು ಹೊಲಿದವಳು ನಾನು.
ಕಾಲಿಂಚು ತಪ್ಪಿದರೆ ತೋಳು ಮೇಲೇಳುವುದಿಲ್ಲ.
ಎಸೆಯುವ ಮಾತು ನನ್ನ ಹತ್ತಿರ ಬೇಡ.

ಮೈಸೂರು ರಸ್ತೆಯ ಮರದ ಮಂಡಿಯಲ್ಲಿ
ಕೊರಳ ಟೇಪು ತೆಗೆದು ಅಳೆಯಲು ಬಗ್ಗಿದಾಗ
ಖಲಂದರ್ ಸಾಬರು ನಕ್ಕರು: ಇದಕ್ಕೂ ಲೈನಿಂಗ್ ಹಾಕ್ತೀರಾ ಅಮ್ಮಾ?
ಎಲ್ಲೋ ಒಡೆದ ಬಂಗಲೆಯ ಹೊನ್ನೆ ಜಂತೆಗಳು,
ಮೊಳೆಯ ತೂತುಗಳಲ್ಲಿ ಇನ್ನೂ ಯಾರದೋ ಮನೆಯ ಸುಣ್ಣ.
ಗಂಟಿದ್ದ ಒಂದನ್ನು ಅವರೇ ಕಾಲಿನಿಂದ ಆಚೆ ತಳ್ಳಿದರು.
ಮಲಗಿಸಬೇಡಿ, ಅಂದರು, ಅಂಚಿನ ಮೇಲೆ ನಿಲ್ಲಿಸಿ.
ನಮ್ಮ ಮೂರನೇ ಕ್ಲಾಸಿನ ಮೇಷ್ಟರಿಗೂ ಅದು ಗೊತ್ತಿತ್ತು:
ಸ್ಕೇಲು ಚಪ್ಪಟೆ ಬಿದ್ದರೆ ಬರೀ ಸದ್ದು,
ಅಂಚಲ್ಲಿ ಬಿದ್ದರೆ ಕಣ್ಣಲ್ಲಿ ನೀರು.

ಮನೆಗೆ ಬಂದು ಒಂದು ರೀಪರನ್ನು ಎರಡು ಸ್ಟೂಲಿಗೆ ಹಾಯಿಸಿದೆ.
ನಾಲ್ಕು ಅಡಿ ಅಂತರ, ನಡುವೆ ಒಂದು ಬಕೆಟ್ಟು ನೀರು.
ಮೇಲೆ ದಾರ ಬಿಗಿದು ಬಾಗು ಅಳೆದೆ: ಒಂದು ನೂಲು.
ಸ್ಟೂಲು ಸರಿಸಿದೆ. ಎಂಟು ಅಡಿ. ಅದೇ ಬಕೆಟ್ಟು, ಅದೇ ನೀರು.
ಎರಡಿರಬಹುದು ಅಂದುಕೊಂಡಿದ್ದೆ.
ಎಂಟು.
ದಾರ ಬದಲಿಸಿ ಮತ್ತೆ ನೋಡಿದೆ. ಎಂಟೇ.
ಬಡಗಿಯ ಲೆಕ್ಕದಲ್ಲಿ ಭರ್ತಿ ಒಂದು ಇಂಚು.
ದೂರ ಒಂದಕ್ಕೆರಡಾದರೆ ಮರ ನಮ್ಮ ಮಗ್ಗಿ ಕೇಳುವುದಿಲ್ಲ,
ತನ್ನದೇ ಹೇಳುತ್ತದೆ.

ಅಳತೆ ಪುಸ್ತಕದಲ್ಲಿ, ಪಕ್ಕದ ಮನೆಯವರ ಸೊಂಟದ ಕೆಳಗೆ, ಬರೆದೆ:
ಬಳ್ಳಿ ಇಷ್ಟು, ಕಾಯಿ ಇಷ್ಟು, ಮಳೆಗೆ ನೆನೆದ ಎಲೆ ಇಷ್ಟು,
ಎರಡು ಬೆಕ್ಕು, ಜಗಳವಾಡುವಾಗ.
ಆಮೇಲೆ ಅವರ ಮಗಳು ಎಸ್ತರ್, ಮೂವತ್ತೊಂದು ಕೆ.ಜಿ.,
ಕೈಗೆಟುಕಿದ್ದಕ್ಕೆಲ್ಲ ಜೋತುಬೀಳುವವಳು.
ಅವಳು ಜೋತುಬೀಳಲಾರಳು ಅಂತ ಹಿಡಿದು ಕೂಡಿದರೆ
ಅದು ಲೆಕ್ಕವಲ್ಲ, ಹರಕೆ.

ಕಾಂಪೌಂಡು ಬರೀ ನಾಲ್ಕಿಂಚಿನದು, ಅದಕ್ಕೆ ಭಾರ ಕೊಡಲಿಲ್ಲ.
ಎರಡು ಕೊನೆಗೂ ಕಂಬ, ನಡುವೆ ಇನ್ನೊಂದು. ಆರು, ಆರು.
ನಡುವಿನದು ಸ್ಕೂಟರು ತಿರುಗಿಸುವ ಜಾಗದಲ್ಲೇ ಬಂತು.
ಅಡ್ಡ, ಅಂದರು ಶಾಂತರಾಜು. ಹೌದು, ಅಂದೆ.
ಎರಡು ಸಲ ಕನ್ನಡಿ ಒಡೆಯಿತು.

ಹೋದ ಗುರುವಾರ ಆಲಿಕಲ್ಲು.
ನಿಂತ ಮೇಲೆ ಟಾರ್ಚು ಹಿಡಿದು ದಾರ ಎಳೆದೆ:
ದಾರಕ್ಕೂ ಮರಕ್ಕೂ ನಡುವೆ ಒಂದು ಪದರ ವಾಯಿಲ್ ತೂರುವಷ್ಟು.
ಶಾಂತರಾಜು ನಡುಗಂಬಕ್ಕೆ ಒರಗಿ ನಿಂತು
ಉದುರಿದ ಕಾಯಿಗಳನ್ನು ಎಣಿಸುತ್ತಿದ್ದರು.
ಕನ್ನಡಿಯ ಖರ್ಚನ್ನು ನಾನು ಬಳ್ಳಿಯ ಬಾಬ್ತಿಗೆ ಬರೆದುಕೊಂಡೆ.