ಮಾಜಾಳಿಯಲ್ಲಿ ಸೋಮವಾರ

ಮೂವತ್ತೊಂದು ವರ್ಷ ಒಂದೇ ಮಾತು ಕೂಗಿ ಮೀನು ಮಾರಿದವಳು ನಾನು:
ಕಣ್ಣು ನೋಡ್ರಿ ಬಾಯಿ, ಕಣ್ಣು ನೋಡಿ ತಕ್ಕೊಳ್ರಿ.
ಮಂಜಾಗಿದ್ದರೆ ನಿನ್ನೆಯದು,
ಗುಳಿಬಿದ್ದಿದ್ದರೆ ಮೊನ್ನೆಯದು, ಐಸಿನಲ್ಲಿ ಮಲಗೆದ್ದದ್ದು.
ನನ್ನ ಬುಟ್ಟಿಯ ಬಂಗಡೆಗೆ
ಈಗಷ್ಟೇ ತೊಳೆದಿಟ್ಟ ಗಾಜಿನ ಕಣ್ಣು.
ಆಮೇಲೆ ಮೆಟ್ಟುಗತ್ತಿ, ಬೂದಿ, ಚಿಲ್ಲರೆ.

ಸೋಮವಾರ ಅರ್ಧ ಊರು ಮೀನು ಮುಟ್ಟೂದಿಲ್ಲ,
ಅದಕ್ಕೇ ನನಗೂ ಬಿಡುವು. ಮೊಮ್ಮಗಳಿಗೆ ಕ್ರಿಸ್ಮಸ್ ರಜೆ.
ಟೆಂಪೋ ಹತ್ತಿ ಬಂದೆವು ಸಂಸಾರ ಸಮೇತ:
ಎರಡು ಡಬ್ಬಿ ಅವಲಕ್ಕಿ, ಒಂದು ಕಲ್ಲಂಗಡಿ,
ಯಾರದೋ ಮದುವೆಯಲ್ಲಿ ಬಂದ ಚಾದರ,
ಮತ್ತೆ ನನ್ನ ಗಂಡ.

ಹುಬ್ಬಳ್ಳಿ ಕಡೆಯವರೊಬ್ಬರು ಪ್ಯಾಂಟು ಮಡಚಿ
ಅಲೆಗೆ ಕೈಮುಗಿದರು.
ಅಲೆ ಅವರ ಒಂದು ಚಪ್ಪಲಿ ಒಯ್ದಿತು.

ಮೈದುನನ ಮಗ ರೋಹಿದಾಸ ಇಲ್ಲೇ ಬಂಡೆಯ ಹತ್ತಿರ
ಗಾಜಿನ ಮುಖವಾಡ ಬಾಡಿಗೆಗೆ ಕೊಡುತ್ತಾನೆ.
ತಾಸಿಗೆ ಮುನ್ನೂರು, ನಮಗೆ ಪುಕ್ಕಟೆ.
ಸ್ನಾರ್ಕೆಲಿಂಗ್ ಅನ್ನಬೇಕಂತೆ. ನನ್ನ ನಾಲಿಗೆಗೆ ಹತ್ತಲಿಲ್ಲ.
ಅಜ್ಜೀ ನೀನೂ, ಅಂದಳು ಸ್ನೇಹಲ.
ಇವರು ಬೀಡಿ ಹಚ್ಚಿದರು, ಗಾಳಿಗೆ ಬೆನ್ನು ಮಾಡಿ:
'ನಲವತ್ತು ವರ್ಷ ಅದರ ಮೇಲೇ ಇದ್ದೆ.
ಒಳಗೆ ನೋಡಿದವ ಬಲೆ ಬಿಡೂದಿಲ್ಲ.'

ನಾನೂ ಸಮುದ್ರದವಳೇ ಅನ್ನುತ್ತಾರೆ ಎಲ್ಲ.
ಮೊಣಕಾಲಿನಾಚೆ ಅದು ನನಗೆ ಗೊತ್ತೇ ಇಲ್ಲ.
ದೋಣಿ ಬಂದಾಗ ಸೀರೆ ಎತ್ತಿಕಟ್ಟಿ
ಬುಟ್ಟಿ ಹಿಡಿದು ನಿಲ್ಲುವಷ್ಟು ನೀರು, ಅಷ್ಟೇ ನನ್ನ ಪಾಲು.

ಸೊಸೆಯ ನೈಟಿ. ಅದರ ಮೇಲೆ ಕಿತ್ತಳೆ ಬಣ್ಣದ ಜಾಕೀಟು.
'ಮೂಗು ಇದ್ದದ್ದು ಮರೆತುಬಿಡು ಕಾಕಿ, ಬಾಯಲ್ಲಿ ಉಸಿರಾಡು.'
ಮೊದಲ ಸಲ ಉಪ್ಪು ಕುಡಿದೆ.
ಎರಡನೇ ಸಲ ಊರ ದೇವರನ್ನೆಲ್ಲ ಕೂಗಿದೆ,
ಕೊಳವೆಯ ತುದಿಯಲ್ಲಿ ಅದು ಎಮ್ಮೆ ಒದರಿದ ಹಾಗೆ ಕೇಳಿತಂತೆ.
ಮೂರನೇ ಸಲ

ಸದ್ದು ಹೋಯಿತು.
ಹೆದ್ದಾರಿಯ ಲಾರಿ, ಸೀಟಿ, ಮಕ್ಕಳ ಕಿರುಚಾಟ ಎಲ್ಲ ಹೋಗಿ
ನನ್ನದೇ ಉಸಿರು,
ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ ಹಾಗೆ.
ಕಿರುಬೆರಳಿಗೆ ಸ್ನೇಹಲಳ ಬೆರಳು.
ಬಂಡೆಗೆ ಕಚ್ಚಿದ ಕಲ್ವ. ತಲೆ ಬಿಚ್ಚಿಕೊಂಡ ಪಾಚಿ.
ಏಡಿಯೊಂದು ನನ್ನ ನೆರಳು ಕಂಡು ಬಾಗಿಲು ಹಾಕಿಕೊಂಡಿತು.
ಆಮೇಲೆ ಪಟ್ಟೆಪಟ್ಟೆಯವು, ಹೆಬ್ಬೆರಳಷ್ಟು.
ಹೆಸರು ಗೊತ್ತಿಲ್ಲ,
ಬಲೆಗೆ ಬಿದ್ದರೆ ದಂಡೆಗೆ ಒಗೆಯುವ ಜಾತಿ, ಕಾಗೆಯ ಪಾಲು.

ಮರಳು ಮೂಸುತ್ತ ಬಂತು ಒಂದು ನೊಗ್ಲಿ.
ಗುರುತು ಹಿಡಿದೆ: ನೂರಕ್ಕೆ ಆರು,
ಈ ಅಳತೆಯದಾದರೆ ನಾಲ್ಕೇ.
ಅದು ತಿರುಗಿತು.
ಕಣ್ಣು ನೋಡಿದೆ.

ಮೀನಿನ ಕಣ್ಣು ತಿರುಗುತ್ತದೆ.
ನನಗೆ ಗೊತ್ತಿರಲಿಲ್ಲ.
ಎಷ್ಟು ಬುಟ್ಟಿ, ಎಷ್ಟು ಸಾವಿರ ಕಣ್ಣು,
ಒಂದೂ ಒಮ್ಮೆಯೂ ತಿರುಗಿರಲಿಲ್ಲ.
ಇದು ಮೊದಲು ನನ್ನ ಕೈ ನೋಡಿತು, ಆಮೇಲೆ ಗಾಜು,
ಆಮೇಲೆ ಗಾಜಿನೊಳಗಿದ್ದವಳನ್ನು
ತಾಜಾ ಹೌದೋ ಅಲ್ಲವೋ ಎಂದು ಬಗ್ಗಿ ನೋಡುವ ಗಿರಾಕಿಯಂತೆ
ತುಸು ಹೊತ್ತು ನೋಡಿ
ಬೇಡವೆನಿಸಿ
ಮುಂದಿನ ಅಂಗಡಿಗೆ ಹೋಯಿತು.

'ಏನದೆ ಕೆಳಗೆ?' ಕೇಳಿದರು ಇವರು.
ಮೀನು, ಅಂದೆ.
ನಕ್ಕು, ಕಲ್ಲಂಗಡಿಯ ದೊಡ್ಡ ಹೋಳು ಕೊಟ್ಟರು.
ಹಣೆಯಿಂದ ಮೇಲ್ದುಟಿಯವರೆಗೆ ಬಿದ್ದ ಮುಖವಾಡದ ಅಚ್ಚನ್ನು
ಸ್ನೇಹಲ ಬೆರಳಿಂದ ತಿದ್ದುತ್ತ ಕೂತಳು,
ಸೊನ್ನೆ ಬರೆಯುವುದ ಕಲಿಯುವವರ ಹಾಗೆ.

ಮಂಗಳವಾರ ಬುಟ್ಟಿಗೆ ನೊಗ್ಲಿಯೇ ಬಂದಿತ್ತು.
ಪೋಸ್ಟಾಫೀಸಿನ ಬಾಯಿ ನಿಂತು ಕೇಳಿದರು:
ತಾಜಾ ಅದೆಯಾ ಶೇವಂತಿ?
ಬಾಯಿ ತೆರೆದೆ.
ಮಾತು ಕೊಳವೆಯಲ್ಲೆಲ್ಲೋ ನಿಂತಿತು.
ಕಿವಿರು ಎತ್ತಿ ತೋರಿಸಿದೆ:
ಕೆಂಪು ನೋಡ್ರಿ ಬಾಯಿ, ಕೆಂಪು.