ತಾಳೆ ನೋಡುವುದು

ಕೆಲಗೇರಿ ಕಡೆಯ ನಮ್ಮ ಲ್ಯಾಬಿನಲ್ಲಿ
ನೂರು ವರ್ಷ ಮುಗಿಯಲು ಹನ್ನೊಂದು ನಿಮಿಷ ಸಾಕು.
ಗಣಿಯಿಂದ ಅದಿರು, ಅದಿರಿನಿಂದ ಹಳದಿ ಪುಡಿ,
ಪುಡಿಯಿಂದ ಬಿಲ್ಲೆ, ಬಿಲ್ಲೆ ತುಂಬಿದ ಕೊಳವೆ,
ಉರಿದು ಬಂದದ್ದು ನೀರಿನ ಹೊಂಡಕ್ಕೆ,
ಹೊಂಡದಿಂದ ಒಂದು ಪಾಲು ಮತ್ತೆ ಒಲೆಗೆ,
ಉಳಿದದ್ದು ನೆಲದಡಿಯ ಕೋಣೆಗೆ.
ಇಷ್ಟೂ ಬರೀ ಅಂಕಿಯಲ್ಲಿ.
ಒಂದು ಚಿಟಿಕೆ ಯುರೇನಿಯಂ
ನಾನು ಕಣ್ಣಿಂದ ಕಂಡವಳಲ್ಲ.

ಖತೀಜಾ ನದಾಫ ಬರೆದ ಪ್ರೋಗ್ರಾಮು ಬೇರೆ, ನನ್ನದು ಬೇರೆ.
ಒಬ್ಬರದನ್ನೊಬ್ಬರು ನೋಡದೆ ಬರೆಯಬೇಕೆಂಬುದೇ ಕರಾರು.
ಮೂವತ್ತೇಳನೆಯ ವರ್ಷದ ಹೊತ್ತಿಗೆ
ಅವಳ ಹೊಂಡಕ್ಕಿಂತ ನನ್ನ ಹೊಂಡದಲ್ಲಿ
ನೂರಾ ಎಂಬತ್ತು ಟನ್ ಹೆಚ್ಚು.
ಇಲ್ಲದ ರಿಯಾಕ್ಟರಿನ ಇಲ್ಲದ ಹೊಂಡದಲ್ಲಿ
ಎಲ್ಲಿಂದ ಬಂತು ಇಲ್ಲದ ಈ ಭಾರ?
ಎರಡು ವಾರ ನಾವಿಬ್ಬರೂ
ಚಹಾದ ಹೊತ್ತಿಗೂ ಸರಿಯಾಗಿ ಮಾತಾಡಲಿಲ್ಲ.

ಅಪ್ಪ ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರು,
ಗದಗ, ರೋಣ, ಅಮರಗೋಳದ ಮಾರ್ಕೆಟ್ಟು
ಇಪ್ಪತ್ತೊಂಬತ್ತು ವರ್ಷ ತಿರುಗಿದವರು.
ಮಖಮಲ್ಲಿನ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಬಟ್ಟು;
ಬೆರಳು ತಾಗಿದರೆ ಬೆವರೂ ತೂಗುತ್ತದೆಂದು
ಚಿಮಟದಲ್ಲೇ ಎತ್ತುತ್ತಿದ್ದರು.
ಫೋನಿನಲ್ಲಿ ನನ್ನ ಗೋಳು ಕೇಳಿ ಅಂದರು:
"ತಕ್ಕಡಿ ಮ್ಯಾಲ ಸಂಶೇ ಬಂದ್ರ ತಟ್ಟಿ ಅದಲಬದಲ ಮಾಡಬೇಕವಾ.
ಇತ್ಲಾಗಿನ ಮಾಲು ಅತ್ಲಾಗ, ಅತ್ಲಾಗಿನ ಕಲ್ಲು ಇತ್ಲಾಗ.
ಸುಳ್ಳು ಯಾವ ಬದಿಗೆ ಐತಿ, ತಾನ ಹೇಳತೈತಿ."

ಅವಳ ಅಂಕಿ ನನ್ನ ಪ್ರೋಗ್ರಾಮಿಗೆ, ನನ್ನದು ಅವಳದಕ್ಕೆ.
ಶನಿವಾರ ಮಧ್ಯರಾತ್ರಿ ಸಿಕ್ಕಿತು:
ನನ್ನ ವರ್ಷ ಜನವರಿಗೆ ಹುಟ್ಟುತ್ತದೆ,
ಅವಳದು ಸರ್ಕಾರದ ಹಾಗೆ ಏಪ್ರಿಲ್ಲಿಗೆ.
ನಡುವಿನ ಮೂರು ತಿಂಗಳ ಬೂದಿ
ನಾನು ಎಣಿಸಿದ್ದೆ, ಅವಳು ಎಣಿಸಿರಲಿಲ್ಲ.
"ಪುಣ್ಯ, ದೀಪಾವಳಿ ಪಾಡ್ಯಕ್ಕ ಕಿರ್ದಿ ತೆರಿಯೋ ದಲಾಲ್ರು ಯಾರೂ
ಮೂರನೇ ಪ್ರೋಗ್ರಾಮು ಬರೀಲಿಲ್ಲ" ಎಂದು ನಕ್ಕಳು ಖತೀಜಾ.
ಬೆಳಗಿನ ಜಾವ ಎರಡೂ ಗೆರೆ ಒಂದರ ಮೇಲೊಂದು,
ನಡುವೆ ಕೂದಲೆಳೆ ತೂರದ ಹಾಗೆ.

ಹೇಳಲೆಂದೇ ಗದಗಿಗೆ ಹೋದೆ.
ಗಿರಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ.
"ಬೆಟಗೇರ್ಯಾಗ ಇಬ್ರು ಕಾಳಿನ ಅಂಗಡ್ಯವ್ರು ಇದ್ರು.
ಇವನ ಕಿಲೋಕ್ಕೂ ಅವನ ಕಿಲೋಕ್ಕೂ ಗುಂಜಿ ಫರಕಿಲ್ಲ.
ಹಿತ್ತಾಳಿ ಬಟ್ಟು ಇಟ್ಟು ನೋಡಿದ್ರ ಎರಡೂ ನಲವತ್ತು ಗ್ರಾಂ ಕಮ್ಮಿ.
ಒಂದ ಎರಕದವನ ಹಂತೇಲೆ ತಗೊಂಡಿದ್ರು.
ನಿಮ್ಮಿಬ್ರದೂ ಎರಕ ಯಾರದವಾ?"

ಎರಕ ಒಂದೇ.
ಅರ್ಧಾಯುಷ್ಯದ ಪಟ್ಟಿ ಒಂದೇ ಫೈಲು,
ಹೂಳುವ ಖರ್ಚಿನ ದರವೂ ಅದೇ ಫೈಲು,
ಇನ್ನೂ ತೋಡದ ಕೋಣೆಗೆ
ಯಾರೋ ಎಲ್ಲೋ ಕೂತು ಕಟ್ಟಿದ್ದು.
ಹಿತ್ತಾಳೆಯ ಬಟ್ಟು ಎಲ್ಲಿಂದ ತರಲಿ
ಬಾರದಿರುವ ನೂರು ವರ್ಷಕ್ಕೆ?

ಖರ್ಚಿನ ಮಾತು ಎತ್ತಬಾರದಿತ್ತು, ಎತ್ತಿದೆ.
ನೂರನೆಯ ವರ್ಷ ಕೊಡಬೇಕಾದ ಒಂದು ಕೋಟಿ,
ವರ್ಷಕ್ಕೆ ನೂರಕ್ಕೆಂಟರಂತೆ ವಟಾವು ಮುರಿದರೆ
ಇಂದಿಗೆ ನಾಲ್ಕು ಸಾವಿರದ ಐನೂರ ನಲವತ್ತಾರು ರೂಪಾಯಿ.
ಎರಡೂ ಪ್ರೋಗ್ರಾಮು ಪೈಸೆಗೆ ಪೈಸೆ ಒಪ್ಪಿದವು.
ಅಪ್ಪ ಕನ್ನಡಕ ಒರೆಸಿಕೊಂಡು
ಎರಡೆರಡು ಸಲ ಕೇಳಿದರು, ಮೊತ್ತವನ್ನಲ್ಲ,
ಕೊಡುವವರ ಹೆಸರು.

ಆಮೇಲೆ ಎದ್ದು ಹೋಗಿ, ಕಪಾಟಿನಡಿಯಿಂದ
ತುಕ್ಕು ಹಿಡಿದ ಕಬ್ಬಿಣದ ಬಟ್ಟೊಂದನ್ನು ತಂದು ಮಗುಚಿದರು.
ಅಡಿಯಲ್ಲಿ ತೂತು.
"ಇದ್ರಾಗ ಸೀಸಾ ತುಂಬಿ, ಅದರ ಮ್ಯಾಲ ಮುದ್ರಿ ಹೊಡೀತಿದ್ವಿ.
ಕಳ್ಳ ಮೊದಲ ಕೆತ್ತಾಂವ ಇದನ್ನ."
ತೂತಿನೊಳಗೆ ಬೆರಳಿಟ್ಟೆ. ತಣ್ಣಗಿತ್ತು.
ಕೋಟಿ ಕೋಟಿ ವರ್ಷ ಸವೆದು ಸವೆದು
ಯುರೇನಿಯಂ ಕೊನೆಗೆ ಬಂದು ನಿಲ್ಲುವುದೂ ಸೀಸದಲ್ಲೇ.
ಅಲ್ಲಿಯ ತನಕ ನಾವು ಓಡಿಸುವುದಿಲ್ಲ.
ನೂರಕ್ಕೆ ನಿಲ್ಲಿಸುತ್ತೇವೆ.

ರಾತ್ರಿಯ ಪ್ಯಾಸೆಂಜರಿನಲ್ಲಿ, ಅಣ್ಣಿಗೇರಿ ದಾಟುವಾಗ
ವರದಿಯ ಕೊನೆಯ ವಾಕ್ಯ ತಿದ್ದಿದೆ.
'ಸರಿಯೆಂದು ಸಾಬೀತಾಗಿದೆ' ಎಂಬುದನ್ನು ಹೊಡೆದು ಹಾಕಿ
'ಎರಡೂ ಒಂದನ್ನೊಂದು ಒಪ್ಪುತ್ತವೆ' ಎಂದು ಬರೆದೆ.
ಖತೀಜಾಳ ಮೆಸೇಜು: ಇಷ್ಟ ಏನು?
ಉತ್ತರ ಬರೆಯದೆ ಕೂತೆ.
ಚೀಲದಲ್ಲಿ ಅಪ್ಪ ಕೊಟ್ಟ ಬಟ್ಟು ತೊಡೆಗೆ ಒತ್ತುತ್ತಿತ್ತು,
ಒಂದು ಕಿಲೋ ಎಂದು ಬರೆದದ್ದು,
ಎಷ್ಟಿದೆಯೋ.