ತೂಕದವನ ಪುಸ್ತಕ

ಅಪ್ಪ ಗಣಿಯ ಬಾಯಲ್ಲಿ ಕೂತು ಕಲ್ಲಿದ್ದಲು ತೂಗುತ್ತಿದ್ದ.
ಕಂಪನಿಯ ಕಡೆಯವನಲ್ಲ,
ಗಣಿಯಾಳುಗಳೇ ಕೈಯೆತ್ತಿ ಆರಿಸಿದವನು.
ಗುಮಾಸ್ತ ಅರ್ಧ ಮಣ ನುಂಗಿದರೂ
ಎದ್ದು ಬಾಯಿ ಮಾಡುವುದೇ ಅವನ ಕೆಲಸ.
ಐಡ್ರಿಸ್ ಪ್ಯಾರಿಯೆದುರು ಮುಳ್ಳು ಸುಳ್ಳಾಡದು
ಅನ್ನುತ್ತಿತ್ತು ವೇಲ್ಸಿನ ಈ ಕಣಿವೆ.

ಡಾಕ್ಟರ್ ಅಂಗಾರದ್ ಪ್ರಾಸರ್ ಬಂದರು,
ಏರಿನಲ್ಲಿ ಸೈಕಲ್ ತಳ್ಳುತ್ತ, ಟೋಪಿ ಓರೆ.
'ಹೆಂಗಸು ಡಾಕ್ಟರೇ?' ಎಂದು ನಕ್ಕವರ ಮನೆಯಲ್ಲೇ
ಮೊದಲ ಚಹಾ ಕುಡಿದರು.
ಆಮೇಲೆ ಅಪ್ಪನ ಹತ್ತಿರ:
'ಶನಿವಾರ ಮಧ್ಯಾಹ್ನ ಪುರುಸೊತ್ತಿದೆಯೇ?
ತಕ್ಕಡಿ ನನ್ನಲ್ಲಿದೆ. ಊರು ನಂಬುವ ಕಣ್ಣು ಬೇಕು.'

ಪ್ರಾರ್ಥನಾಮಂದಿರದ ಹಿಂಕೋಣೆ.
ಶಾಲುಗಳಲ್ಲಿ ಸುತ್ತಿ ತಂದ ಚೀರಾಟ.
ಟನ್ನುಗಳ ಮನುಷ್ಯ ಔನ್ಸಿಗೆ ಬಗ್ಗಿದ.
ಉಗುರಿನ ಕಪ್ಪು ತಾಗೀತೆಂದು ಕೈ ಹಿಂದೆ ಕಟ್ಟಿ
ಮುಳ್ಳು ನಿಲ್ಲುವ ತನಕ ಉಸಿರು ಬಿಡುತ್ತಿರಲಿಲ್ಲ.
ಬರೆದುಕೊಳ್ಳುತ್ತಿದ್ದವಳು ನಾನು, ಹತ್ತು ವರ್ಷದವಳು,
ಅವನ ಕಲ್ಲಿದ್ದಲ ಪುಸ್ತಕದ ಹಿಂದಿನ ಪುಟಗಳಲ್ಲಿ.

ಆಗಸ್ಟಿನಲ್ಲಿ ಕೆಳಗಿನ ಬೀದಿಯ ಮಕ್ಕಳು ಇಳಿಯತೊಡಗಿದವು.
ತಾಯಂದಿರು ತಮ್ಮ ಹಾಲನ್ನೇ ದೂರಿಕೊಂಡರು,
ಅಜ್ಜಿಯರು ಯಾರದೋ ಕಣ್ಣನ್ನು.
ಡಾಕ್ಟರ್ ಬಟಾಣಿಯಲ್ಲಿ ಹುಳುಕು ಆರಿಸುವಂತೆ
ಹೆಸರು ಹೆಸರನ್ನೂ ಬೀದಿವಾರು ಬೇರೆ ಮಾಡಿ,
ಹೋಗಿ ನಲ್ಲಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು
ಚರಂಡಿ ಎಲ್ಲಿ ಬಂದು ಸೇರುತ್ತದೆಂದು ನೋಡಿದರು.
ಸ್ಕರ್ಟಿನ ಅಂಚು ಒದ್ದೆ.

ಕೌನ್ಸಿಲ್ ಕೊಟ್ಟದ್ದು ಮೂರು ನಿಮಿಷ.
'ಚರಂಡಿ ಎಂಜಿನಿಯರರದು, ನಿಮ್ಮದು ಕೆಮ್ಮು ನೆಗಡಿ.'
ಅವರು ಕೂತರು. ಅಪ್ಪ ಎದ್ದ.
ಕಂಪನಿಯೆದುರು ಮೂವತ್ತು ವರ್ಷ ಓದಿದ ಅದೇ ದನಿ:
ಹೆಸರು, ವಾರ, ತೂಕ. ಹೆಸರು, ವಾರ, ತೂಕ.
ಏರಿಸಲಿಲ್ಲ, ಇಳಿಸಲಿಲ್ಲ.
ಎಮ್ರಿಸ್ ಪ್ಯಾರಿ, ನನ್ನ ತಮ್ಮ:
ಒಂಬತ್ತು ಪೌಂಡು ಎರಡು ಔನ್ಸು,
ಎಂಟು ಹನ್ನೊಂದು,
ಎಂಟು.
ಮುಂದಿನ ವಾರ ಖಾಲಿ.
ಆ ಖಾಲಿಯನ್ನೂ ಓದಿದ.

ಹೊಸ ಕೊಳವೆ ಬಂದದ್ದು ಎರಡು ವರ್ಷ ತಡವಾಗಿ.
ಕಲ್ಲಿನಲ್ಲಿ ಅಧ್ಯಕ್ಷರ ಹೆಸರು; ಪಾಚಿ ಕಟ್ಟಿದೆ.
ಡಾಕ್ಟರ್ ಅಷ್ಟರಲ್ಲಿ ಪಕ್ಕದ ಕಣಿವೆಯಲ್ಲಿ,
ಇನ್ನೊಂದು ಏರಿನಲ್ಲಿ, ಅದೇ ಸೈಕಲ್ ತಳ್ಳುತ್ತಿದ್ದರಂತೆ.

ಪುಸ್ತಕ ನನ್ನಲ್ಲಿದೆ.
ಮುಂದಿನಿಂದ ತೆರೆದರೆ ಕಲ್ಲಿದ್ದಲು,
ಹಿಂದಿನಿಂದ ತೆರೆದರೆ ಮಕ್ಕಳು.
ಎರಡೂ ಬಂದು ಸೇರುವ ನಡುಹಾಳೆಯಲ್ಲಿ
ಅವರ ಅವಸರದ ಕೈಬರಹ:
ತಕ್ಕಡಿಗೆ ಎಣ್ಣೆ, ಆರು ಪೆನ್ನಿ,
ಐಡ್ರಿಸ್‌ಗೆ ನಾನು ಕೊಡಬೇಕು.